ಹೆಸರು ಗೊತ್ತು, ಗಿಡ ಗೊತ್ತಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಲೇಖನ ಬೇರೆ ಯಾರನ್ನೋ ಬೈಯಲು ಬರೆದದ್ದಲ್ಲ. ಬೈಸಿಕೊಳ್ಳಬೇಕಾದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ನಾನೇ.

ಕಳೆದ ಜುಲೈಯಲ್ಲಿ ನಮ್ಮ ಸಂಘದ ಮಳೆಗಾಲದ ಕವಿಗೋಷ್ಠಿ ನಡೆಯಿತಲ್ಲ, ಅಲ್ಲಿ ನಾನೂ ಒಂದು ಕವನ ಓದಿದೆ. ಕಾಲೇಜಿನ ಕಂಪೌಂಡ್ ಗೋಡೆಯ ಬುಡದಲ್ಲಿ ಮಳೆ ಬಿದ್ದ ಹದಿನೈದೇ ದಿನಕ್ಕೆ ಎದ್ದು ನಿಲ್ಲುವ ಹಸಿರನ್ನು ಕುರಿತ ಕವನ. 'ಹೆಸರಿಲ್ಲದ ಗಿಡ' ಎಂಬ ಮಾತು ಅದರಲ್ಲಿ ಮೂರು ಸಲ ಬರುತ್ತಿತ್ತು. ಊರು ಬಿಟ್ಟು ಬಂದ ನಮ್ಮಂಥವರ ಪಾಡು ಆ ಗಿಡದಲ್ಲಿ ಕಾಣುತ್ತದೆ ಎಂದು ನನ್ನ ಅಭಿಪ್ರಾಯ. ಚಪ್ಪಾಳೆಯೂ ಬಿತ್ತು. ಮುಗಿದ ಮೇಲೆ ಚಹಾ ಕುಡಿಯುವಾಗ ಸಸ್ಯಶಾಸ್ತ್ರ ಓದುವ ಕಾರ್ಕಳ ಕಡೆಯ ನಮ್ಮ ಗೆಳತಿಯೊಬ್ಬಳು ಹತ್ತಿರ ಬಂದಳು. ಹೊಗಳಲಿಕ್ಕೆ ಬಂದಳೆಂದೇ ತಿಳಿದೆ.

"ನೀನು ಹೇಳಿದ ಆ ಗಿಡ ಗೋಡೆ ಹತ್ತಿರ ಇರುವುದೇ ಅಲ್ವಾ? ಅದಕ್ಕೆ ಹೆಸರುಂಟು ಮಾರಾಯ. ನನಗೆ ಗೊತ್ತಿಲ್ಲ ಅಂತ ಹೇಳು. ಗಿಡಕ್ಕೇ ಹೆಸರಿಲ್ಲ ಅಂತ ಯಾಕೆ ಹೇಳ್ತೀ?"

ಆಮೇಲೆ ಹೆಸರನ್ನೂ ಹೇಳಿದಳು. ಕನ್ನಡದಲ್ಲಿ ತಗಚೆ, ತಗಟೆ, ಕೆಲವು ಕಡೆ ಚಗಚೆ. ತುಳುವಿನಲ್ಲಿ ತಜಂಕ್. ಕೊಂಕಣಿಯಲ್ಲಿ ತಾಯ್ಕಿಳೊ. ಮರಾಠಿಯಲ್ಲಿ ಟಾಕಳಾ. ನನ್ನ ಕೈಯ ಚಹಾ ಕೈಯಲ್ಲೇ ಉಳಿಯಿತು. ಯಾಕೆಂದರೆ ತಜಂಕ್ ನಾನು ಹುಟ್ಟಿದಾಗಿನಿಂದ ತಿಂದು ಬೆಳೆದ ಸೊಪ್ಪು. ಆಟಿ ತಿಂಗಳು ಬಂತೆಂದರೆ ನಮ್ಮ ಡೊಂಬಿವಲಿಯ ಮನೆಯಲ್ಲೂ ತಜಂಕಿನ ಪಲ್ಯ ಆಗಲೇಬೇಕು, ಹಲಸಿನ ಬೀಜ ಹಾಕಿ. ಅಮ್ಮ ಸ್ಟೇಷನ್ ಹೊರಗೆ ಗೋಣಿ ಹಾಸಿ ಕೂರುವ ಹಳ್ಳಿಯ ಹೆಂಗಸರಿಂದ ಕಟ್ಟು ಕಟ್ಟಾಗಿ ತರುತ್ತಾಳೆ. ಹೆಸರು ಗೊತ್ತು, ರುಚಿ ಗೊತ್ತು, ಸುಲಿದು ಕೊಟ್ಟ ಎಲೆಯೂ ಗೊತ್ತು. ಆದರೆ ದಿನಾ ಎರಡು ಸಲ ಹಾದು ಹೋಗುವ ಗೋಡೆಯ ಬುಡದಲ್ಲಿ ಅದೇ ಗಿಡ ನಿಂತಿದ್ದರೆ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ಕವನ ಮಾಡಿ ಓದಿದೆ.

ಈ ಅವಮಾನ ತೀರಿಸಿಕೊಳ್ಳಲು ಮರುದಿನ ಶನಿವಾರ ಒಂದು ಕೆಲಸ ಮಾಡಿದೆ. ಮೈದಾನದ ಆಚೆ, ಗೋಡೆಯ ಉದ್ದಕ್ಕೂ ನಡೆದು ಚೀಲ ತುಂಬ ಸೊಪ್ಪು ಕಿತ್ತುಕೊಂಡು ಮನೆಗೆ ಹೋದೆ. "ಅಮ್ಮಾ, ತಜಂಕ್ ತಂದಿದ್ದೇನೆ, ದುಡ್ಡಿಲ್ಲದ್ದು" ಅಂದೆ. ಅಮ್ಮ ಹಳೇ ಪೇಪರಿನ ಮೇಲೆ ಚೀಲ ಸುರಿದು, ಒಂದೊಂದೇ ಟೊಂಗೆ ಎತ್ತಿ ನೋಡಿ ಎರಡು ಗುಡ್ಡೆ ಮಾಡಿದಳು. ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕ ಗುಡ್ಡೆಯನ್ನು ಆಚೆ ತಳ್ಳಿ, "ಉಂದು ತಜಂಕ್ ಅತ್ತ್" ಅಂದಳು. ಇದು ತಜಂಕ್ ಅಲ್ಲ.

ನನಗೆ ಎರಡೂ ಒಂದೇ ಥರ ಕಂಡಿತ್ತು. ಒಂದೇ ಜಾಗದಲ್ಲಿ ಬೆಳೆದಿದ್ದವು, ಉಜ್ಜಿದರೆ ಎರಡರದ್ದೂ ಕೆಟ್ಟ ವಾಸನೆ. "ಹೇಗೆ ಗೊತ್ತಾಯ್ತು?" ಎಂದು ಕೇಳಿದೆ. "ಎಲೆ ನೋಡಿದರೆ ಗೊತ್ತಾಗುವುದಿಲ್ವಾ?" ಎಂದಳು. ಅಷ್ಟೇ ಉತ್ತರ. ಆಮೇಲೆ ಎಲ್ಲಿ ಕಿತ್ತೆ ಎಂದು ವಿಚಾರಿಸಿ, ಪಕ್ಕದಲ್ಲಿ ಗಟಾರ ಹರಿಯುತ್ತದೆಂದು ತಿಳಿದ ಮೇಲೆ ದೊಡ್ಡ ಗುಡ್ಡೆಯನ್ನೂ ಕಸದ ಬುಟ್ಟಿಗೆ ಹಾಕಿದಳು.

ಸೋಮವಾರ ಆ ಚಿಕ್ಕ ಗುಡ್ಡೆಯ ಒಂದು ಟೊಂಗೆಯನ್ನು ಗೆಳತಿಗೆ ತೋರಿಸಿದೆ. ಅಮ್ಮನಿಗೆ ಹೇಳಲು ಬಾರದೆ ಇದ್ದದ್ದನ್ನು ಅವಳು ಬಿಡಿಸಿ ಹೇಳಿದಳು. ಅದನ್ನು ನಿಮಗೂ ಹೇಳುತ್ತೇನೆ. ಇದರಲ್ಲಿ ಕಷ್ಟದ್ದೇನೂ ಇಲ್ಲ, ಬಿ.ಎ. ಓದುವವನಿಗೂ ಅರ್ಥವಾಗುತ್ತದೆ.

ತಗಚೆ ಒಂದೇ ವರ್ಷದ ಗಿಡ. ಮೊದಲ ಮಳೆಗೆ ಜೂನ್‌ನಲ್ಲಿ ಮೊಳೆಯುತ್ತದೆ, ಮಳೆಗಾಲದ ಕೊನೆಗೆ ಹೂ ಬಿಡುತ್ತದೆ, ದೀಪಾವಳಿ ಹೊತ್ತಿಗೆ ಕಾಯಿ ಒಣಗತೊಡಗುತ್ತದೆ, ಚಳಿಗಾಲದಲ್ಲಿ ಸಾಯುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ ಎತ್ತರ. ಒಂದು ಎಲೆದಂಟಿನಲ್ಲಿ ಮೂರು ಜೊತೆ ಕಿರುಎಲೆ, ಅಂದರೆ ಒಟ್ಟು ಆರು. ಶೇಂಗಾ ಗಿಡ ನೋಡಿದವರಿಗೆ ಸುಲಭ: ಶೇಂಗಾ ಎಲೆಯಲ್ಲಿ ಎರಡು ಜೊತೆ, ಇದರಲ್ಲಿ ಮೂರು. ಕಿರುಎಲೆಯ ತುದಿ ಚೂಪಲ್ಲ; ತುದಿ ಅಗಲ, ದುಂಡು, ಬುಡ ಕಿರಿದು. ತುದಿಯ ಜೊತೆ ಎಲ್ಲಕ್ಕಿಂತ ದೊಡ್ಡದು. ಸಂಜೆಯಾದರೆ ಎಲೆಗಳು ಜೋಡಿ ಜೋಡಿಯಾಗಿ ಮಡಿಚಿಕೊಳ್ಳುತ್ತವೆ. ಹೂವು ಹಳದಿ, ಐದು ಎಸಳು, ಎಲೆಯ ಕಂಕುಳಲ್ಲಿ ಸಾಮಾನ್ಯವಾಗಿ ಎರಡೆರಡು. ಕಾಯಿ ತೆಳ್ಳಗೆ, ಉದ್ದಕ್ಕೆ, ಕುಡುಗೋಲಿನ ಹಾಗೆ ಬಾಗಿದ್ದು. ಒಳಗಿನ ಬೀಜ ಹೊಳೆಯುವ ಕಂದು, ಮೂಲೆ ಮೂಲೆ ಕತ್ತರಿಸಿದ ಹಾಗೆ.

ಇನ್ನೊಂದು ಗುರುತು ಇದೆ. ಅದನ್ನು ನೋಡಲು ಬಗ್ಗಬೇಕು. ಕೆಳಗಿನ ಎರಡು ಜೊತೆ ಕಿರುಎಲೆಗಳ ನಡುವೆ, ದಂಟಿನ ಮೇಲೆ, ಗುಂಡುಸೂಜಿಯ ಮೊನೆಯಷ್ಟು ಸಣ್ಣ ಗ್ರಂಥಿ ನೆಟ್ಟಗೆ ನಿಂತಿರುತ್ತದೆ, ಜೊತೆಗೊಂದರಂತೆ. ಅದು ಒಂದೇ ಇದ್ದು, ಅದೂ ಬುಡದ ಜೊತೆಯಲ್ಲಿ ಮಾತ್ರ ಇದ್ದರೆ, ಅದು ತಗಚೆಯ ಇನ್ನೊಂದು ಜಾತಿ, ಮೂಲತಃ ಅಮೆರಿಕದ್ದು. ಬಹಳ ಕಾಲ ಸಸ್ಯಶಾಸ್ತ್ರಜ್ಞರಲ್ಲೇ ಹಲವರು ಇವೆರಡನ್ನೂ ಒಂದೇ ಎಂದು ಎಣಿಸಿದ್ದರು. ಲಿನ್ನೇಯಸ್ 1753ರಲ್ಲಿ ಕ್ಯಾಸಿಯಾ ಟೋರಾ ಎಂದು ಹೆಸರಿಟ್ಟದ್ದು ನಮ್ಮ ತಗಚೆಗೆ. ಈಗ ಅದನ್ನು ಸೆನ್ನಾ ಟೋರಾ ಎನ್ನುತ್ತಾರೆ.

ಅಮ್ಮ ಆಚೆ ತಳ್ಳಿದ ಗಿಡಕ್ಕೆ ಸೆನ್ನಾ ಆಕ್ಸಿಡೆಂಟಾಲಿಸ್ ಎಂದು ಹೆಸರು. ಇದರಲ್ಲಿ ನಾಲ್ಕು, ಐದು, ಕೆಲವೊಮ್ಮೆ ಆರು ಜೊತೆ ಕಿರುಎಲೆ. ತುದಿ ಚೂಪು. ಗ್ರಂಥಿ ಎಲೆಗಳ ನಡುವೆ ಇಲ್ಲ, ಎಲೆತೊಟ್ಟಿನ ಬುಡದಲ್ಲಿದೆ. ಕಾಯಿ ಚಪ್ಪಟೆ, ಅಂಚು ಮಾಸಲು ಬಣ್ಣ. ಇಷ್ಟು ವ್ಯತ್ಯಾಸ ಇದ್ದೂ ನನಗೆ ಎರಡೂ ಒಂದೇ ಆಗಿ ಕಂಡಿತಲ್ಲ! ಯಾಕೆಂದರೆ ನಾನು ಎಣಿಸಲೇ ಇಲ್ಲ.

ಇದೇನು ಮಹಾ ತಪ್ಪು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಮುಂದಿನದ್ದು ತಿಳಿಯುವ ತನಕ. ಪಶ್ಚಿಮ ಉತ್ತರ ಪ್ರದೇಶದ ಸಹಾರನ್‌ಪುರ, ಬಿಜನೌರ್ ಕಡೆ ಎಷ್ಟೋ ವರ್ಷ ಮಳೆಗಾಲ ಮುಗಿದ ತಿಂಗಳುಗಳಲ್ಲಿ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ಪ್ರಜ್ಞೆ ತಪ್ಪಿ, ಸಾಯುತ್ತಿದ್ದರು. ಮಿದುಳುಜ್ವರ, ಯಾವುದೋ ವೈರಸ್ ಎಂದೇ ಎಲ್ಲರೂ ತಿಳಿದಿದ್ದರು. ಅಲ್ಲಿನ ವೈದ್ಯ ವಿಪಿನ್ ವಶಿಷ್ಠ, ವೆಲ್ಲೂರಿನ ವೈರಸ್ ತಜ್ಞ ಟಿ. ಜೇಕಬ್ ಜಾನ್ ಮೊದಲಾದವರು ಹುಡುಕುತ್ತ ಹೋಗಿ 2007ರಲ್ಲಿ ಪ್ರಕಟಿಸಿದ ವಿಷಯ ಬೇರೆಯೇ ಇತ್ತು. ಮಕ್ಕಳು ಆಟವಾಡುತ್ತ ಮನೆಯ ಪಕ್ಕದ ಗಿಡದ ಕಾಳು ತಿಂದಿದ್ದರು. ಯಕೃತ್ತು, ಸ್ನಾಯು, ಮಿದುಳು, ಮೂರಕ್ಕೂ ಏಟು. ಆ ಗಿಡವೇ ಅಮ್ಮ ಪೇಪರಿನ ಅಂಚಿಗೆ ತಳ್ಳಿದ ಈ ಗಿಡ. ಅವರು ಕಸೌಂದಿ ಎನ್ನುತ್ತಾರೆ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಅನೇಕ ಮಕ್ಕಳು ಸತ್ತಾಗಲೂ, ಜಪಾನೀಸ್ ಮಿದುಳುಜ್ವರದ ಜೊತೆಗೆ, ಇದೇ ಗಿಡದ ಕಾಳಿನ ಮೇಲೂ ತಜ್ಞರ ಸಂಶಯ ಬಿತ್ತು.

ಈಗ ಹೆಸರುಗಳನ್ನು ನೋಡಿ. ಒಡಿಯಾದಲ್ಲಿ ಚಾಕುಂಡ ಎಂದರೆ ನಮ್ಮ ತಗಚೆ. ಅದರ ಹಿಂದೆ ಒಂದು ಪದ ಸೇರಿಸಿದರೆ ಆ ವಿಷದ ಗಿಡ. ಮರಾಠಿಯಲ್ಲಿ ಟಾಕಳಾ, ರಾನ್‌ಟಾಕಳಾ. ಕನ್ನಡದಲ್ಲೂ ಅದೇ ಕಥೆ: ತಗಚೆ, ಕಾಡು ತಗಚೆ. ಸಂಸ್ಕೃತದಲ್ಲಿ ಒಂದು ಚಕ್ರಮರ್ದ, ಇನ್ನೊಂದು ಕಾಸಮರ್ದ. ಮೊದಲನೆಯದು ಚಕ್ರದಾಕಾರದ ಹುಳುಕಡ್ಡಿಯನ್ನು ಕೊಲ್ಲುವುದು ಎಂಬ ಅರ್ಥದ್ದು, ಎರಡನೆಯದು ಕೆಮ್ಮನ್ನು. ಹೋಗಲಿ, ಕನ್ನಡದೊಳಗೇ ಇರೋಣ ಎಂದರೆ, ಬೆಂಗಳೂರು ಮೈಸೂರು ಕಡೆ ಚೊಗಚೆ ಸೊಪ್ಪು ಎಂದು ಮಾರುವುದು ಅಗಸೆ ಮರದ ಸೊಪ್ಪನ್ನು. ಅದು ಗಿಡವೇ ಅಲ್ಲ, ಮರ. ಇನ್ನು ತಂಗಡಿ, ಆವರಿಕೆ ಎಂದರೆ ವರ್ಷಗಟ್ಟಲೆ ಬದುಕುವ ಪೊದೆ. ತೆಲಂಗಾಣದ ಬತುಕಮ್ಮ ಹಬ್ಬದಲ್ಲಿ ಇಡುವ ತಂಗೇಡು ಹೂವು ಅದೇ. ತಗಚೆ, ಚಗಚೆ, ಚೊಗಚೆ, ತಂಗಡಿ: ಕಿವಿಗೆ ಎಲ್ಲ ಒಂದೇ ಮನೆಯ ಮಕ್ಕಳ ಹಾಗೆ ಕೇಳುತ್ತವೆ. ಕಣ್ಣಿಗೆ ನಾಲ್ಕು ದಿಕ್ಕು. ಹೆಸರು ಗೊತ್ತಿದ್ದರೆ ಗಿಡ ಗೊತ್ತು ಎಂದು ನಂಬುವವನ ಗತಿ ಏನು, ನೀವೇ ಹೇಳಿ.

ಹಾಗಾದರೆ ಬೆಳೆಯುವ ಜಾಗ ನೋಡಿ ಗುರುತಿಸಬಹುದೇ? ಅರ್ಧ ಮಾತ್ರ. ತಗಚೆ ದಟ್ಟ ಕಾಡಿನ ನೆರಳಿನಲ್ಲಿ ಸಿಗುವುದಿಲ್ಲ. ಅದಕ್ಕೆ ಬಯಲು ಬೇಕು, ಬಿಸಿಲು ಬೇಕು, ಯಾರೋ ಅಗೆದು, ತುಳಿದು, ಸುರಿದು ಕೆಡಿಸಿದ ಮಣ್ಣು ಬೇಕು. ರಸ್ತೆ ಅಂಚು, ರೈಲು ಹಳಿಯ ದಿಬ್ಬ, ಕಟ್ಟಡ ಕೆಡವಿದ ಜಾಗ, ಊರ ಗೋಮಾಳ. ಗೋಮಾಳದಲ್ಲಿ ಇದು ಹೆಚ್ಚಿದೆ ಎಂದರೆ ದನಗಳು ಉಳಿದದ್ದೆಲ್ಲ ಮೇಯ್ದು ಮುಗಿಸಿವೆ ಎಂದೂ ಅರ್ಥ. ವಾಸನೆಯಿಂದಾಗಿ ದನ ಇದಕ್ಕೆ ಬಾಯಿ ಹಾಕುವುದಿಲ್ಲ. ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು ಮಳೆ ಸಿಕ್ಕಾಗ ಏಳುತ್ತದೆ. ನಮ್ಮ ಕಾಲೇಜಿನವರು ಎರಡು ವರ್ಷದ ಹಿಂದೆ ಗೋಡೆ ಕಟ್ಟಲು ಅಗೆದು ಮಣ್ಣು ಮಗುಚಿದರಲ್ಲ, ಈ ಸಾಲು ಎದ್ದದ್ದು ಆ ಮಗುಚಿದ ಮಣ್ಣಿನ ಮೇಲೇ. ಆದರೆ ಕಾಡು ತಗಚೆಗೂ ಇದೇ ಥರದ ಜಾಗವೇ ಇಷ್ಟ. ಆದ್ದರಿಂದ ಎಲ್ಲಿ ಹುಡುಕಬೇಕೆಂದು ಜಾಗ ಹೇಳುತ್ತದೆ. ಸಿಕ್ಕಿದ್ದು ಯಾವುದು ಎಂಬುದನ್ನು ಎಲೆ, ಗ್ರಂಥಿ, ಕಾಯಿ ಹೇಳಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕನ್ನಡ ಸಂಘ ಕಟ್ಟಿಕೊಂಡ ನಾವು ಶಬ್ದಗಳನ್ನು ಉಳಿಸಲು ಹೊರಟಿದ್ದೇವೆ. ಒಳ್ಳೆಯದು. ಆದರೆ ಶಬ್ದ ಯಾವ ವಸ್ತುವನ್ನು ಕುರಿತದ್ದೋ ಅದರ ಪರಿಚಯವಿಲ್ಲದೆ ಶಬ್ದ ಮಾತ್ರ ಉಳಿಸಿದರೆ, ಉಳಿಯುವುದು ಪಟ್ಟಿ. ತಜಂಕ್ ಎಂಬ ಪದ ನನ್ನ ಬಾಯಲ್ಲಿ ಭದ್ರವಾಗಿತ್ತು. ಆ ಪದ ಇಟ್ಟುಕೊಂಡೇ ನಾನು ಮನೆಗೆ ಬೇರೆ ಗಿಡ ತಂದೆ.

ಇದಕ್ಕೆ ಎರಡು ಆಕ್ಷೇಪಣೆ ಈಗಾಗಲೇ ಕೇಳಿದ್ದೇನೆ. ಮೊದಲನೆಯದು, "ನಾವು ಸಾಹಿತ್ಯದವರು, ಕಳೆಗಿಡದ ಎಲೆ ಎಣಿಸುತ್ತ ಕೂರಬೇಕಾ?" ಎಂಬುದು. ಈ ಪ್ರಶ್ನೆ ಕೇಳುವವರು ಬಿ.ಜಿ.ಎಲ್. ಸ್ವಾಮಿ ಅವರನ್ನು ಮರೆತಿದ್ದಾರೆ. ಅವರು ಪಾಠ ಹೇಳಿದ್ದು, ಪ್ರಾಂಶುಪಾಲರಾಗಿದ್ದದ್ದು ಕರ್ನಾಟಕದಲ್ಲಲ್ಲ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡ ಗುರುತಿಸಿದ ಅನುಭವವನ್ನೇ ಅವರು 'ಹಸುರು ಹೊನ್ನು' ಮಾಡಿದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊರನಾಡಿನಲ್ಲಿ ಕೂತು, ತಮಿಳು ಹುಡುಗರ ಜೊತೆ ಎಲೆ ಎಣಿಸುತ್ತ, ಕನ್ನಡದ ಒಂದು ಒಳ್ಳೆಯ ಪುಸ್ತಕ ಹುಟ್ಟಬಹುದಾದರೆ, ಮುಂಬಯಿಯಲ್ಲಿ ಕೂತ ನಮಗೆ ಏನು ಅಡ್ಡಿ?

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿ. ಅದನ್ನು ಹೇಳಿದವನು ಇಂಡಿ ತಾಲ್ಲೂಕಿನ ನಮ್ಮ ಗೆಳೆಯ. "ಇದನ್ನೆಲ್ಲ ಪುಸ್ತಕದಾಗ ಯಾಕ ಓದಬೇಕೋ? ನಮ್ಮವ್ವಗ, ನಿಮ್ಮವ್ವಗ ಎಲ್ಲಾ ಗೊತ್ತೈತಿ. ಅವರನ್ನ ಕೇಳಿದ್ರ ಮುಗೀತು." ನಿಜ. ಆ ದಿನ ನಮ್ಮನ್ನು ಕಾಪಾಡಿದ್ದು ಅಮ್ಮನ ಕಣ್ಣೇ, ಗೆಳತಿಯ ಪುಸ್ತಕವಲ್ಲ. ಆದರೆ ಅಮ್ಮನನ್ನು ಕೇಳಿದಾಗ ನನಗೆ ಸಿಕ್ಕ ಉತ್ತರವೇನು? ಎಲೆ ನೋಡಿದರೆ ಗೊತ್ತಾಗುವುದಿಲ್ವಾ, ಅಂತ. ಅಮ್ಮ ಅದನ್ನು ಕಲಿತದ್ದು ಬಾಯಿಮಾತಿನಿಂದ ಅಲ್ಲ. ಅಜ್ಜಿಯ ಹಿಂದೆ ಗುಡ್ಡದಲ್ಲಿ ನಡೆದು, ತಪ್ಪು ಕಿತ್ತು, ಬೈಸಿಕೊಂಡು ಕಲಿತದ್ದು. ನಾನು ಅಮ್ಮನ ಹಿಂದೆ ನಡೆದದ್ದು ಸ್ಟೇಷನ್ ಮಾರ್ಕೆಟ್ಟಿಗೆ ಮಾತ್ರ, ಅದೂ ಚೀಲ ಹಿಡಿಯಲು. ಆ ಕಣ್ಣು ನನಗೆ ತಾನಾಗಿ ಬರುವುದಿಲ್ಲ. ಅಮ್ಮನ ಕಣ್ಣಿಗೆ ಗೆಳತಿಯ ಮಾತು ಸೇರಿದಾಗ ಮಾತ್ರ ನನ್ನಂಥವನಿಗೆ ದಾರಿ. ಅಮ್ಮನಿಗೆ ಗ್ರಂಥಿ ತೋರಿಸಿದೆ, ಕನ್ನಡಕ ಹಾಕಿಕೊಂಡು ನೋಡಿದಳು. "ಇಷ್ಟು ವರ್ಷ ಇದನ್ನು ನೋಡಿಯೇ ಇರಲಿಲ್ಲ" ಎಂದಳು. ಅವಳಿಗೂ ಖುಷಿಯಾಯಿತು.

ಇನ್ನು ಕೆಲವರು, ಅದೊಂದು ಕಳೆ, ಅದರಿಂದೇನು ಎನ್ನುತ್ತಾರೆ. ಆ ಕಳೆಯ ಬೀಜದಿಂದ ತೆಗೆದ ಅಂಟು ಪರದೇಶಗಳಲ್ಲಿ ನಾಯಿ ಬೆಕ್ಕುಗಳ ಡಬ್ಬಿ ಆಹಾರ ಗಟ್ಟಿಯಾಗಿರಲು ಬಳಕೆಯಾಗುತ್ತದೆ. ಬೀಜ ಹುರಿದು ಕಾಫಿಯ ಬದಲು ಕುಡಿದವರೂ ಇದ್ದಾರೆ. ಉಪಯೋಗದ ಲೆಕ್ಕ ಬೇಕಾದವರಿಗೆ ಇದನ್ನು ಹೇಳಿದೆ. ನನಗೆ ಆ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ. ಕೊಂಕಣದ ಮರಾಠಿ ಮನೆಯಲ್ಲಿ ಟಾಕಳ್ಯಾಚಿ ಭಾಜಿ, ಮಂಗಳೂರಿನ ಕೊಂಕಣಿ ಮನೆಯಲ್ಲಿ ತಾಯ್ಕಿಳೊ, ನಮ್ಮ ಮನೆಯಲ್ಲಿ ತಜಂಕ್. ನಮ್ಮ ಕ್ಲಾಸಿನ ಮೂರು ಬೆಂಚಿನ ಮೂರು ಡಬ್ಬಿಗಳಲ್ಲಿ ಒಂದೇ ಸೊಪ್ಪು, ಮೂರು ಹೆಸರು. ಎಷ್ಟು ವರ್ಷ ಜೊತೆಗೆ ಕೂತು ಉಂಡರೂ ಒಬ್ಬರಿಗೊಬ್ಬರು ಹೇಳಿಕೊಂಡದ್ದಿಲ್ಲ. ಗಡಿಯ ಬಗ್ಗೆ ಭಾಷಣ ಮಾಡುವಾಗ ನಮಗೆ ಇದು ನೆನಪಿದ್ದರೆ ಒಳ್ಳೆಯದು. ಗಿಡ ಗಡಿ ನೋಡಿ ಬೆಳೆದದ್ದಲ್ಲ. ಥಿಯೋಡೋರ್ ಕುಕ್ 1901ರಿಂದ 1908ರ ತನಕ ಮುಂಬಯಿ ಪ್ರಾಂತ್ಯದ ಸಸ್ಯಗಳ ಬಗ್ಗೆ ಪುಸ್ತಕ ಹೊರತಂದಾಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲವೂ ಅದೇ ಪ್ರಾಂತ್ಯದಲ್ಲಿದ್ದವು. ಅವರ ಹೊತ್ತಗೆಯಲ್ಲಿ ಇಲ್ಲಿಯ ಗಿಡ, ಅಲ್ಲಿಯ ಗಿಡ ಒಂದೇ ಪುಟದಲ್ಲಿವೆ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸಲಹೆ. ಬರುವ ಜುಲೈಯಲ್ಲಿ ಕವಿಗೋಷ್ಠಿ ಇರಲಿ, ಬೇಡ ಎನ್ನುವುದಿಲ್ಲ, ನನಗೂ ಓದಲಿಕ್ಕಿದೆ. ಅದಕ್ಕೆ ಮೊದಲು ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಾಲೇಜಿನ ಸುತ್ತ ನಡೆಯೋಣ. ಖರ್ಚಿಲ್ಲ, ಹಾರ ಶಾಲು ಬೇಡ. ಒಂದು ಗಿಡ ಸಾಕು. ಎಲ್ಲಿ ಬೆಳೆದಿದೆ, ಎಂಥ ಮಣ್ಣು, ಬಿಸಿಲೋ ನೆರಳೋ, ಎಲೆ ಎಷ್ಟು ಜೊತೆ, ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ, ಇಷ್ಟು ಬರೆದುಕೊಳ್ಳೋಣ. ಒಂದೇ ವರ್ಷ ಬದುಕುವ ಗಿಡವಾದ್ದರಿಂದ ಒಮ್ಮೆ ನೋಡಿ ಬಿಟ್ಟರೆ ಸಾಲದು. ಸೆಪ್ಟೆಂಬರಿನಲ್ಲಿ ಹೂವಿಗೆ ಒಮ್ಮೆ, ನವೆಂಬರಿನಲ್ಲಿ ಕಾಯಿಗೆ ಒಮ್ಮೆ, ಅದೇ ಜಾಗಕ್ಕೆ ಹೋಗಬೇಕು. ಸಂಶಯ ಬಂದರೆ ಒಂದು ಟೊಂಗೆಯನ್ನು ಪೇಪರಿನ ನಡುವೆ ಒತ್ತಿ ಒಣಗಿಸಿಟ್ಟುಕೊಳ್ಳೋಣ. ನೋಡಿ ಹೇಳಲು ಸಸ್ಯಶಾಸ್ತ್ರ ವಿಭಾಗದ ಮೇಷ್ಟ್ರು ಇದ್ದೇ ಇದ್ದಾರೆ. ಬರೆದುಕೊಂಡದ್ದನ್ನು ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಹಾಕಿದರೆ ಸಂಪಾದಕರಿಗೂ ಪುಟ ತುಂಬುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಅಪವಾದ ಬೇಡ. ಇದನ್ನು ಓದಿ ಯಾರೂ ಗೋಡೆಯ ಪಕ್ಕದ ಸೊಪ್ಪು ಕಿತ್ತು ಹಾಸ್ಟೆಲಿನಲ್ಲಿ ಬೇಯಿಸಬೇಡಿ. ಗಟಾರದ ಪಕ್ಕದ್ದು, ಹಳಿಯ ಪಕ್ಕದ್ದು ಬೇಡವೇ ಬೇಡ. ತಿನ್ನುವುದು ಹೂ ಬಿಡುವ ಮೊದಲಿನ ಎಳೆ ಸೊಪ್ಪು, ಅದೂ ಬೇಯಿಸಿ, ಅದೂ ಗೊತ್ತಿದ್ದವರು ಆರಿಸಿ ಕೊಟ್ಟದ್ದು. ಬೀಜಕ್ಕೆ ಬಾಯಿ ಹಾಕಬೇಡಿ. ಗುರುತು ಹಿಡಿಯಲು ಕಲಿಯುವುದೇ ಬೇರೆ, ತಿನ್ನಲು ಕಲಿಯುವುದೇ ಬೇರೆ. ಮೊದಲನೆಯದು ಪಕ್ಕಾ ಆಗದೆ ಎರಡನೆಯದಕ್ಕೆ ಕೈಹಾಕಬಾರದು.

ನನ್ನ ಆ ಕವನವನ್ನು ಈ ಸಂಚಿಕೆಗೆ ಕೊಡಿ ಎಂದು ಸಂಪಾದಕರು ಕೇಳಿದ್ದರು. ಕೊಡಲಿಲ್ಲ. ಬದಲಿಗೆ ಇದನ್ನು ಕೊಟ್ಟಿದ್ದೇನೆ. ಕವನದಲ್ಲಿ 'ಹೆಸರಿಲ್ಲದ' ಎಂದಿದ್ದ ಮೂರು ಕಡೆಯೂ ಗೆರೆ ಎಳೆದು ತಗಚೆ ಎಂದು ಬರೆದು ನೋಡಿದೆ. ಎರಡು ಕಡೆ ಲಯ ಕೆಟ್ಟಿದೆ. ತಿದ್ದುತ್ತಿದ್ದೇನೆ.